ಬಿಲದ ಪ್ರಾಣಿಗೆ ಎಂಥ ಪಂಜರ?



ಬೆಂಗಳೂರು, ಮೈಸೂರು, ಮಂಗಳೂರಿನಂಥ ದೊಡ್ಡ ಊರುಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಈಗ ಒಂದು ಪುಟ್ಟ ಪ್ರಾಣಿ ಮಾರಾಟಕ್ಕೆ ಸಿಗುತ್ತದೆ. ನೋಡಲು ಇಲಿಯಂತೆ ಇದೆ, ಆದರೆ ಇಲಿಯ ಉದ್ದ ಬಾಲ ಇಲ್ಲ. ಮೈ ದುಂಡಗೆ, ಕಣ್ಣು ಮಣಿಯಂತೆ, ಕೆನ್ನೆ ಉಬ್ಬಿಕೊಂಡಿರುತ್ತದೆ. ಇದರ ಹೆಸರು ಹ್ಯಾಮ್‌ಸ್ಟರ್. ನಿಮ್ಮಲ್ಲಿ ಕೆಲವರು ಇದನ್ನು ನೆಂಟರ ಮನೆಯಲ್ಲಿ ನೋಡಿರಬಹುದು. ಇನ್ನು ಕೆಲವರು ‘ನನಗೂ ಒಂದು ಬೇಕು’ ಎಂದು ಅಪ್ಪ ಅಮ್ಮನನ್ನು ಕಾಡಿರಲೂಬಹುದು.

ಹ್ಯಾಮ್‌ಸ್ಟರ್ ಕೊಂಡರೆ ಅದರ ಜೊತೆಗೆ ಒಂದು ಪಂಜರವನ್ನೂ ಕೊಳ್ಳುತ್ತಾರೆ. ಗುಲಾಬಿ ಅಥವಾ ನೀಲಿ ಬಣ್ಣದ ತಟ್ಟೆ, ಮೇಲೆ ತಂತಿಯ ಕಂಬಿಗಳು, ಒಳಗೆ ಅಂಗೈಯಗಲದ ಚಕ್ರ, ಒಂದು ಪುಟ್ಟ ಏಣಿ, ಒಂದು ಜಾರುಬಂಡೆ. ನೋಡಿದರೆ ಆಟದ ಸಾಮಾನಿನ ಹಾಗೆ ಚೆಂದವಾಗಿರುತ್ತದೆ. ನಮಗೆ ಇಷ್ಟವಾಗುತ್ತದೆ. ಆದರೆ ಒಳಗೆ ಇರಬೇಕಾದದ್ದು ನಾವಲ್ಲವಲ್ಲ! ಅದರೊಳಗೆ ಹಗಲು ರಾತ್ರಿ ಕಳೆಯಬೇಕಾದ ಪ್ರಾಣಿಗೆ ಅದು ಸರಿಹೊಂದುತ್ತದೆಯೆ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ನನ್ನ ಅಭಿಪ್ರಾಯ ಇಷ್ಟು. ಪಂಜರದ ಅಳತೆಯನ್ನು ಪ್ರಾಣಿಯ ಮೈ ನೋಡಿ ನಿರ್ಧರಿಸಬಾರದು. ಅದು ಬದುಕುವ ರೀತಿಯನ್ನು ನೋಡಿ ನಿರ್ಧರಿಸಬೇಕು. ಅಷ್ಟು ಜಾಗ ಕೊಡಲು ನಮ್ಮಿಂದ ಆಗದಿದ್ದರೆ ಪ್ರಾಣಿಯನ್ನು ತರಲೇಬಾರದು. ಹೀಗೆ ಹೇಳಲು ಕಾರಣಗಳಿವೆ. ಒಂದೊಂದಾಗಿ ಕೊಡುತ್ತೇನೆ. ನೀವು ಓದಿ, ತೂಗಿ ನೋಡಿ. ಸರಿ ಎನಿಸಿದರೆ ಒಪ್ಪಿಕೊಳ್ಳಿ.

ತವರೂರು ಎಲ್ಲಿ?

ಅಂಗಡಿಗಳಲ್ಲಿ ಮಾರುವ ಹ್ಯಾಮ್‌ಸ್ಟರ್ ನಮ್ಮ ದೇಶದ ಪ್ರಾಣಿಯಲ್ಲ. ಹ್ಯಾಮ್‌ಸ್ಟರ್‌ಗಳಲ್ಲಿ ಹಲವು ಜಾತಿಗಳಿವೆ. ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹೊಂಬಣ್ಣದ ಸಿರಿಯನ್ ಹ್ಯಾಮ್‌ಸ್ಟರ್. ಇದರ ತವರು ಸಿರಿಯಾ ದೇಶದ ಅಲೆಪ್ಪೊ ನಗರದ ಸುತ್ತಲಿನ ಬಯಲು ಹಾಗೂ ಅದಕ್ಕೆ ತಾಗಿರುವ ಟರ್ಕಿ ದೇಶದ ಗಡಿಭಾಗ. ಅದು ಫಲವತ್ತಾದ ಹೊಲಗಳ ನಾಡು. ಗೋಧಿ, ಬಾರ್ಲಿ, ಬೇಳೆಕಾಳುಗಳನ್ನು ಬೆಳೆಯುತ್ತಾರೆ. ಅಂಥ ಹೊಲಗಳಲ್ಲೇ ಹ್ಯಾಮ್‌ಸ್ಟರ್ ಬಿಲ ತೋಡಿಕೊಂಡು ಬದುಕುತ್ತದೆ. ಜಗತ್ತಿನಾದ್ಯಂತ ಮನೆಗಳಲ್ಲಿ ಲಕ್ಷಗಟ್ಟಲೆ ಇದ್ದರೂ ತವರಿನ ಕಾಡು ಹ್ಯಾಮ್‌ಸ್ಟರ್‌ಗಳು ಕಡಿಮೆಯಾಗುತ್ತಿವೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರೂ ಇದೆ.

ಹ್ಯಾಮ್‌ಸ್ಟರ್ ಬಿಲ ಹೇಗಿರುತ್ತದೆ? ವಿಜ್ಞಾನಿಗಳು ಸಿರಿಯಾದ ಹೊಲಗಳಲ್ಲಿ ಅಗೆದು, ಅಳತೆ ಮಾಡಿ ನೋಡಿದ್ದಾರೆ. ಅವರ ವರದಿ 2001ರಲ್ಲಿ ಪ್ರಕಟವಾಯಿತು. ಬಿಲಗಳ ಆಳ 36 ಸೆಂ.ಮೀ.ನಿಂದ 106 ಸೆಂ.ಮೀ.ವರೆಗೆ ಇತ್ತು. ಸರಾಸರಿ ಆಳ 65 ಸೆಂ.ಮೀ. ನೆಟ್ಟಗೆ ಕೆಳಗಿಳಿಯುವ ಒಂದು ಬಾಗಿಲು. ಅಲ್ಲಿಂದ ಮುಂದೆ ಮಲಗಲು ಒಂದು ಕೋಣೆ. ಕಾಳು ಕೂಡಿಡಲು ಇನ್ನೊಂದು ಕೋಣೆ. ಸುರಂಗಗಳ ಒಟ್ಟು ಉದ್ದ ಸರಾಸರಿ 2 ಮೀಟರ್. ಕೆಲವು ಬಿಲಗಳಲ್ಲಿ ಅದು 9 ಮೀಟರ್‌ವರೆಗೂ ಇತ್ತು! ಒಂದು ಬಿಲದಲ್ಲಿ ವಾಸವಾಗಿದ್ದ ಬೆಳೆದ ಹ್ಯಾಮ್‌ಸ್ಟರ್ ಒಂದೇ.

ನಮ್ಮ ಭತ್ತದ ಗದ್ದೆಯ ಹೆಗ್ಗಣವನ್ನು ನೆನಪಿಸಿಕೊಳ್ಳಿ. ಅದೂ ಬದುವಿನಲ್ಲಿ ಬಿಲ ಕೊರೆದು ತೆನೆಗಳನ್ನು ಎಳೆದೊಯ್ದು ಕೂಡಿಡುತ್ತದೆ. ಹ್ಯಾಮ್‌ಸ್ಟರ್‌ಗೆ ಇನ್ನೂ ಒಂದು ಅನುಕೂಲ ಇದೆ. ಅದರ ಕೆನ್ನೆಗಳ ಒಳಗೆ ಎರಡು ಚೀಲಗಳಿವೆ. ಕಾಳನ್ನು ಅವುಗಳಲ್ಲಿ ತುಂಬಿಕೊಂಡು ಬಿಲಕ್ಕೆ ಸಾಗಿಸುತ್ತದೆ. ಜರ್ಮನ್ ಭಾಷೆಯಲ್ಲಿ ಕೂಡಿಡುವುದಕ್ಕೆ ‘ಹಾಮ್‌ಸ್ಟರ್ನ್’ ಎಂಬ ಮಾತೇ ಇದೆ.

ಈಗ ಈ ಪ್ರಾಣಿಯ ಬದುಕನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಅದು ತೋಡುತ್ತದೆ, ಓಡುತ್ತದೆ, ಕೂಡಿಡುತ್ತದೆ, ಒಂಟಿಯಾಗಿರುತ್ತದೆ. ಪಂಜರವೆಂದರೆ ಈ ನಾಲ್ಕಕ್ಕೂ ಅವಕಾಶವಿರುವ ಜಾಗ. ಅಂಗಡಿಯ ಗುಲಾಬಿ ಪಂಜರವನ್ನು ಈ ನಾಲ್ಕು ಮಾತುಗಳಿಂದ ಪರೀಕ್ಷಿಸಿ ನೋಡಿ. ಏಣಿ ಇದೆ, ಜಾರುಬಂಡೆ ಇದೆ. ಆದರೆ ಹ್ಯಾಮ್‌ಸ್ಟರ್ ಏಣಿ ಹತ್ತುವ ಪ್ರಾಣಿಯೆ? ಜಾರುಬಂಡೆ ಬೇಕಾದದ್ದು ಯಾರಿಗೆ?

ಮೊದಲ ಗೂಡು ಕಲಿಸಿದ ಪಾಠ

ಹ್ಯಾಮ್‌ಸ್ಟರ್ ಮನುಷ್ಯರ ಕೈಗೆ ಬಂದ ಕಥೆ ಸ್ವಾರಸ್ಯವಾಗಿದೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಾಲ್ ಆಡ್ಲರ್ ಎಂಬ ವಿಜ್ಞಾನಿ ಇದ್ದರು. ಕಾಲಾ ಅಜಾರ್ ಮೊದಲಾದ ರೋಗಗಳನ್ನು ತರುವ ಪರಾವಲಂಬಿ ಜೀವಿಗಳ ಬಗ್ಗೆ ಅವರು ಸಂಶೋಧನೆ ಮಾಡುತ್ತಿದ್ದರು. ಕಾಲಾ ಅಜಾರ್ ನಮ್ಮ ದೇಶದ ಬಿಹಾರ, ಬಂಗಾಳಗಳನ್ನೂ ಬಹಳ ಕಾಡಿದ ರೋಗ. ಸಂಶೋಧನೆಗೆ ಪ್ರಯೋಗಾಲಯದಲ್ಲಿ ಮರಿ ಹಾಕಿ ಬೆಳೆಯುವಂಥ ಒಂದು ಪ್ರಾಣಿ ಅವರಿಗೆ ಬೇಕಾಗಿತ್ತು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊ ಬಳಿಯ ಹೊಲವೊಂದನ್ನು ಆಳವಾಗಿ ಅಗೆಸಿ, ಒಂದು ತಾಯಿ ಹ್ಯಾಮ್‌ಸ್ಟರನ್ನೂ ಅದರ ಮರಿಗಳನ್ನೂ ಹಿಡಿದು, ಮರಿಗಳನ್ನು ತಂದರು.

ಜೆರುಸಲೇಮಿನಲ್ಲಿ ಅವುಗಳನ್ನು ಮರದ ತಳವಿದ್ದ ಗೂಡಿನಲ್ಲಿ ಇಟ್ಟರು. ಬೆಳಗ್ಗೆ ಬಂದು ನೋಡಿದರೆ ಏನಾಗಿತ್ತು? ಕೆಲವು ಮರಿಗಳು ತಳವನ್ನೇ ಕಡಿದು ತೂತು ಮಾಡಿ ಪರಾರಿಯಾಗಿದ್ದವು! ಉಳಿದವುಗಳಿಗೆ ಬೇರೆ ಏರ್ಪಾಡು ಮಾಡಬೇಕಾಯಿತು. ತಂತಿಬಲೆಯ ದೊಡ್ಡ ಗೂಡಿನಲ್ಲಿ ಒಣಹುಲ್ಲನ್ನು ಒತ್ತಾಗಿ ತುಂಬಿದರು. ಹುಲ್ಲಿನೊಳಗೆ ಅವು ಸುರಂಗ ಮಾಡಿಕೊಳ್ಳಬಹುದಾಗಿತ್ತು. ಅಲ್ಲಿ ಅವು ನೆಮ್ಮದಿಯಾಗಿ ಇದ್ದು ಮರಿ ಹಾಕಿದವು. ಮುಂದೆ ಇಂಗ್ಲೆಂಡಿಗೂ, ಅಲ್ಲಿಂದ ಬೇರೆ ದೇಶಗಳಿಗೂ ಅವುಗಳ ಸಂತತಿ ಹೋಯಿತು. ಇಂದು ಜಗತ್ತಿನ ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಿನವು ಆ ಒಂದೇ ಕುಟುಂಬದ ಮಕ್ಕಳು, ಮೊಮ್ಮಕ್ಕಳು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಗೂಡು ಕಡಿಯಲಾಗದಷ್ಟು ಗಟ್ಟಿಯಾಗಿರಬೇಕು ಎಂಬುದು ಒಂದು. ತೋಡಲು ಏನಾದರೂ ಸಿಕ್ಕಾಗ ಅವು ನೆಲೆನಿಂತವು ಎಂಬುದು ಇನ್ನೊಂದು. ಮೊದಲ ಪಾಠವನ್ನು ಪಂಜರ ತಯಾರಿಸುವವರು ಚೆನ್ನಾಗಿ ಕಲಿತಿದ್ದಾರೆ. ಎರಡನೆಯದನ್ನು ಮರೆತಿದ್ದಾರೆ.

ನೆಲ ಎಷ್ಟು ಬೇಕು?

ಈಗ ಅಳತೆಗೆ ಬರೋಣ. ಒಂದು ಚಿಕ್ಕ ಚಟುವಟಿಕೆ ಮಾಡಿ. ಎ4 ಅಳತೆಯ ಒಂದು ಬಿಳಿ ಹಾಳೆಯನ್ನು ನೆಲದ ಮೇಲೆ ಇಡಿ. ಅದರ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ. ವಿಸ್ತೀರ್ಣ ಸುಮಾರು 624 ಚದರ ಸೆಂ.ಮೀ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಪಂಜರಗಳ ನೆಲ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ ಸುಮಾರು 15 ಸೆಂ.ಮೀ. ಉದ್ದ ಇರುತ್ತದೆ. ಅಂದರೆ ಈ ಪಂಜರದ ಉದ್ದ ಅದರ ಮೈಯ ಎರಡರಷ್ಟು ಮಾತ್ರ. ಅದರಲ್ಲೇ ತಟ್ಟೆ, ಚಕ್ರ, ಮನೆ ಎಲ್ಲವೂ ಇರಬೇಕು!

ಈಗ ಅಂಥ ಎಂಟು ಹಾಳೆಗಳನ್ನು ನಾಲ್ಕು ನಾಲ್ಕರ ಎರಡು ಸಾಲುಗಳಲ್ಲಿ ಜೋಡಿಸಿ. ವಿಸ್ತೀರ್ಣ ಸುಮಾರು 5,000 ಚದರ ಸೆಂ.ಮೀ. ಆಯಿತು. ಜರ್ಮನಿಯಲ್ಲಿ ಪ್ರಾಣಿಗಳ ಹಿತಕ್ಕಾಗಿ ಕೆಲಸ ಮಾಡುವ ಪಶುವೈದ್ಯರ ಸಂಘ ಒಂದು ಹ್ಯಾಮ್‌ಸ್ಟರ್‌ಗೆ ಕನಿಷ್ಠ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಗೂಡು ಬೇಕೆಂದು ಹೇಳುತ್ತದೆ. ಅದರ ನೆಲ ಅಷ್ಟೇ ಆಯಿತು: 100 × 50 = 5,000 ಚದರ ಸೆಂ.ಮೀ. ಒಂದು ಹಾಳೆಗೂ ಎಂಟು ಹಾಳೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಕಣ್ಣಿನಿಂದಲೇ ನೋಡಿ.

ಅಷ್ಟು ದೊಡ್ಡದು ಬೇಕೆಂದು ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಪ್ರಾಣಿ ಬಾಯಿಬಿಟ್ಟು ಹೇಳುವುದಿಲ್ಲ. ಅದರ ವರ್ತನೆಯನ್ನು ಗಮನಿಸಿ ನಾವೇ ತಿಳಿಯಬೇಕು. ಸ್ವಿಟ್ಜರ್ಲೆಂಡ್ ದೇಶದ ವಿಜ್ಞಾನಿಗಳು ನಾಲ್ಕು ಅಳತೆಯ ಗೂಡುಗಳಲ್ಲಿ ಹ್ಯಾಮ್‌ಸ್ಟರ್‌ಗಳನ್ನು ಇಟ್ಟು ನೋಡಿದರು. ಅತಿ ಚಿಕ್ಕ ಗೂಡಿನ ನೆಲ 1,800 ಚದರ ಸೆಂ.ಮೀ.; ಅತಿ ದೊಡ್ಡದರದು 10,000 ಚದರ ಸೆಂ.ಮೀ. 2007ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಚಿಕ್ಕ ಗೂಡುಗಳಲ್ಲಿದ್ದ ಹ್ಯಾಮ್‌ಸ್ಟರ್‌ಗಳು ಹೆಚ್ಚು ಸಲ, ಹೆಚ್ಚು ಹೊತ್ತು ಕಂಬಿಗಳನ್ನು ಕಚ್ಚುತ್ತಿದ್ದವು. ದೊಡ್ಡ ಗೂಡುಗಳಲ್ಲೂ ಕಚ್ಚುವುದು ಪೂರ್ತಿ ನಿಲ್ಲಲಿಲ್ಲ. ಹಾಗಾದರೆ ಇನ್ನೂ ಏನೋ ಕೊರತೆ ಇತ್ತು ಎಂದಾಯಿತು. ಅದೇನು?

ಕಂಬಿ ಕಚ್ಚುವುದೇಕೆ?

ಹ್ಯಾಮ್‌ಸ್ಟರ್ ಸಾಕಿದವರು ಒಂದು ಶಬ್ದವನ್ನು ಚೆನ್ನಾಗಿ ಬಲ್ಲರು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ‘ಕಟಕಟ ಕಟಕಟ’ ಎಂದು ಕಂಬಿ ಕಚ್ಚುವ ಶಬ್ದ. ‘ಅದಕ್ಕೆ ಹಲ್ಲು ಬೆಳೆಯುತ್ತಲೇ ಇರುತ್ತದೆ. ಸವೆಸಲು ಕಚ್ಚುತ್ತದೆ, ಅಷ್ಟೆ’ ಎಂದು ಹೇಳುವವರುಂಟು. ಹ್ಯಾಮ್‌ಸ್ಟರ್‌ನ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತವೆ ಎಂಬುದು ನಿಜ. ಆದರೆ ಕಂಬಿ ಕಚ್ಚಲು ಅದೊಂದೇ ಕಾರಣವೆ? ಇಂಥ ಮಾತನ್ನು ಪರೀಕ್ಷೆ ಮಾಡದೆ ಒಪ್ಪಬಾರದು.

ಬರ್ನ್ ನಗರದ ಸಂಶೋಧಕರು ಇದಕ್ಕೆ ಒಂದು ಸರಳ ಪ್ರಯೋಗ ಮಾಡಿದರು. 2006ರಲ್ಲಿ ಅದು ಪ್ರಕಟವಾಯಿತು. 45 ಗಂಡು ಹ್ಯಾಮ್‌ಸ್ಟರ್‌ಗಳು. ಎಲ್ಲಕ್ಕೂ ಒಂದೇ ಅಳತೆಯ ಗೂಡು, ಎಲ್ಲಕ್ಕೂ ಓಡುವ ಚಕ್ರ. ವ್ಯತ್ಯಾಸ ಒಂದೇ: ನೆಲಕ್ಕೆ ಹಾಕಿದ ಮರದ ಹೊಟ್ಟಿನ ಆಳ. ಮೊದಲ ಗುಂಪಿಗೆ 10 ಸೆಂ.ಮೀ., ಎರಡನೆಯದಕ್ಕೆ 40 ಸೆಂ.ಮೀ., ಮೂರನೆಯದಕ್ಕೆ 80 ಸೆಂ.ಮೀ. ಫಲಿತಾಂಶ ಏನು ಗೊತ್ತೆ? 10 ಸೆಂ.ಮೀ. ಹಾಸಿನ ಮೇಲಿದ್ದವು ಉಳಿದವುಗಳಿಗಿಂತ ಬಹಳ ಹೆಚ್ಚು ಕಂಬಿ ಕಚ್ಚಿದವು. 80 ಸೆಂ.ಮೀ. ಹಾಸಿನಲ್ಲಿದ್ದವು ಕಂಬಿ ಕಚ್ಚಿದ್ದನ್ನು ಒಮ್ಮೆಯೂ ಕಾಣಲಿಲ್ಲ.

ಯೋಚಿಸಿ. ಹಲ್ಲು ಮೂರೂ ಗುಂಪುಗಳಿಗೆ ಬೆಳೆಯುತ್ತಿತ್ತು. ಹಲ್ಲು ಸವೆಸುವುದೇ ಕಾರಣವಾಗಿದ್ದರೆ ಮೂರೂ ಗುಂಪುಗಳು ಒಂದೇ ಸಮನಾಗಿ ಕಂಬಿ ಕಚ್ಚಬೇಕಾಗಿತ್ತು. ಹಾಗಾಗಲಿಲ್ಲ. ಬದಲಾಗಿದ್ದು ಹಾಸಿನ ಆಳ ಮಾತ್ರ. ಆದ್ದರಿಂದ ತೋಡಲು ಜಾಗವಿಲ್ಲದಿರುವುದೇ ಕಂಬಿ ಕಚ್ಚಲು ದೊಡ್ಡ ಕಾರಣ ಎಂದು ತಿಳಿಯಬೇಕಾಗುತ್ತದೆ. ರಾತ್ರಿ ಕೇಳುವ ‘ಕಟಕಟ’ ಆಟದ ಶಬ್ದವಲ್ಲ, ‘ನನಗೆ ಇಲ್ಲಿ ಸರಿಯಿಲ್ಲ’ ಎಂಬ ದೂರು.

ಮನೆಯಲ್ಲಿ 80 ಸೆಂ.ಮೀ. ಹೊಟ್ಟು ತುಂಬುವುದು ಕಷ್ಟ. ಆದರೆ ಗೂಡಿನ ಅರ್ಧ ಭಾಗದಲ್ಲಾದರೂ 30 ಸೆಂ.ಮೀ. ಆಳ ಇರಲಿ ಎನ್ನುತ್ತೇನೆ. ಉಳಿದ ಅರ್ಧದಲ್ಲಿ 10 ಸೆಂ.ಮೀ. ಇದ್ದರೆ ಸರಾಸರಿ 20 ಸೆಂ.ಮೀ. ಆಯಿತು. ಎಷ್ಟು ಹೊಟ್ಟು ಬೇಕು? ಲೆಕ್ಕ ಹಾಕೋಣ. 100 × 50 × 20 = 1,00,000 ಘನ ಸೆಂ.ಮೀ. 1,000 ಘನ ಸೆಂ.ಮೀ. ಎಂದರೆ ಒಂದು ಲೀಟರ್. ಹಾಗಾಗಿ 100 ಲೀಟರ್ ಬೇಕು. 15 ಲೀಟರ್ ಬಕೆಟ್‌ನಲ್ಲಿ ತುಂಬಿದರೆ ಏಳು ಬಕೆಟ್‌ಗೆ ಸ್ವಲ್ಪ ಕಡಿಮೆ. ಪ್ರಾಣಿ ಮುಷ್ಟಿಯಷ್ಟು, ಅದರ ಹಾಸಿಗೆ ಏಳು ಬಕೆಟ್! ಪ್ರಾಣಿ ಕೊಳ್ಳುವ ಮೊದಲೇ ಈ ಲೆಕ್ಕ ಹಾಕಬೇಕು.

ಚಕ್ರದ ಗಣಿತ

ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗಿದ್ದು ಸಂಜೆಯ ಮೇಲೆ ಎದ್ದು ಓಡಾಡುತ್ತದೆ. ಚಕ್ರ ಕೊಟ್ಟರೆ ಒಂದೇ ರಾತ್ರಿ ಹಲವು ಕಿಲೋಮೀಟರ್ ಓಡಬಲ್ಲದು. ಎಷ್ಟೇ ದೊಡ್ಡ ಗೂಡಿದ್ದರೂ ಚಕ್ರ ಬೇಕೇ ಬೇಕು. ಆದರೆ ಎಂಥ ಚಕ್ರ?

ನೀವು ವೃತ್ತದ ಪರಿಧಿಯ ಸೂತ್ರ ಕಲಿತಿದ್ದೀರಿ. 28 ಸೆಂ.ಮೀ. ವ್ಯಾಸದ ಚಕ್ರದ ಪರಿಧಿ 22/7 × 28 = 88 ಸೆಂ.ಮೀ. 14 ಸೆಂ.ಮೀ. ವ್ಯಾಸದ ಚಕ್ರದ ಪರಿಧಿ 44 ಸೆಂ.ಮೀ. ಚಿಕ್ಕ ಚಕ್ರದಲ್ಲಿ 15 ಸೆಂ.ಮೀ. ಉದ್ದದ ಪ್ರಾಣಿ ನಿಂತರೆ ಅದರ ಮೈ ವೃತ್ತದ ಮೂರನೇ ಒಂದು ಭಾಗದಷ್ಟು ಬಾಗಬೇಕಾಗುತ್ತದೆ. ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿ, ತಲೆ ಮೇಲೆದ್ದು ಓಡಬೇಕು. ಹಾಗೆ 5 ಕಿಲೋಮೀಟರ್ ಓಡಿದರೆ ಬೆನ್ನಿನ ಗತಿ ಏನು? ಆದ್ದರಿಂದ ಸಿರಿಯನ್ ಹ್ಯಾಮ್‌ಸ್ಟರ್‌ಗೆ 28 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಚಕ್ರ ಬೇಕು. ಕುಬ್ಜ ಜಾತಿಯ ಚಿಕ್ಕ ಹ್ಯಾಮ್‌ಸ್ಟರ್‌ಗಳಿಗೆ 20 ಸೆಂ.ಮೀ. ಸಾಕು. ನೋಡುವ ಬಗೆ ಸುಲಭ: ಓಡುವಾಗ ಬೆನ್ನು ನೇರವಾಗಿದ್ದರೆ ಚಕ್ರ ಸರಿ, ಬಾಗಿದ್ದರೆ ಚಿಕ್ಕದು.

ಚಕ್ರದ ಓಡುವ ಭಾಗ ಹಲಗೆಯಂತೆ ಮುಚ್ಚಿರಬೇಕು. ಕಂಬಿ ಕಂಬಿಯಾಗಿದ್ದರೆ ಸಂದಿನಲ್ಲಿ ಕಾಲು ಸಿಕ್ಕಿ ಮುರಿಯುವ ಅಪಾಯ ಇದೆ. ಪ್ರಾಣಿಯನ್ನು ಪ್ಲಾಸ್ಟಿಕ್ ಚೆಂಡಿನೊಳಗೆ ಹಾಕಿ ನೆಲದ ಮೇಲೆ ಉರುಳಲು ಬಿಡುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅದು ಬೇಡ. ಚಕ್ರದಿಂದ ಪ್ರಾಣಿ ಬೇಕೆಂದಾಗ ಇಳಿಯಬಹುದು, ಚೆಂಡಿನಿಂದ ಇಳಿಯಲಾಗದು. ಗಾಳಿಯೂ ಸಾಲದು.

ಗೂಡನ್ನು ಸಜ್ಜುಗೊಳಿಸುವ ಬಗೆ

ಒಳ್ಳೆಯ ಗೂಡಿಗೆ ಅಂಗಡಿಯ ದುಬಾರಿ ಪಂಜರವೇ ಆಗಬೇಕೆಂದಿಲ್ಲ. ಮೀನು ಸಾಕುತ್ತಿದ್ದ ಹಳೆಯ ದೊಡ್ಡ ಗಾಜಿನ ತೊಟ್ಟಿ ಆದೀತು. ಅಷ್ಟೇ ಅಗಲದ, ದಪ್ಪ ಪ್ಲಾಸ್ಟಿಕ್‌ನ ಪೆಟ್ಟಿಗೆಯೂ ಆದೀತು. ಮುಚ್ಚಳಕ್ಕೆ ಗಾಳಿಯಾಡುವಂತೆ ತಂತಿಯ ಜಾಲರಿ ಬಿಗಿಯಬೇಕು. ಕಂಬಿಯ ಪಂಜರವಾದರೆ ಸಂದುಗಳನ್ನು ಪರೀಕ್ಷಿಸಿ. ಸಾಮಾನ್ಯ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ ಇರುತ್ತದೆ. ಕಂಬಿಗಳ ನಡುವೆ ಪೆನ್ಸಿಲ್ ಸಡಿಲವಾಗಿ ತೂರಿದರೆ ಕುಬ್ಜ ಹ್ಯಾಮ್‌ಸ್ಟರ್ ಕೂಡ ತೂರಿಕೊಂಡು ಹೋಗಬಹುದು. ಎರಡು ಮೂರು ಅಂತಸ್ತಿನ ಪಂಜರಗಳೂ ಸಿಗುತ್ತವೆ. ಹ್ಯಾಮ್‌ಸ್ಟರ್‌ಗೆ ದೃಷ್ಟಿ ಮಂದ. ಎತ್ತರವನ್ನು ಸರಿಯಾಗಿ ಅಂದಾಜು ಮಾಡಲಾರದೆ ಬಿದ್ದು ಪೆಟ್ಟು ಮಾಡಿಕೊಳ್ಳುತ್ತದೆ. ಮಹಡಿ ಮನೆಗಿಂತ ಅಂಗಳದಂಥ ಮನೆ ಅದಕ್ಕೆ ಮೇಲು.

ಹಾಸಿಗೆ ಬಡಗಿ ಮರ ಕೀಸಿದಾಗ ಬೀಳುವ ಸುರುಳಿ ಹೊಟ್ಟು ಆಗುತ್ತದೆ. ನಯವಾದ ಪುಡಿ ಬೇಡ, ಮೂಗಿಗೆ ಹೋಗುತ್ತದೆ. ದೇವದಾರು, ಪೈನ್‌ನಂಥ ಘಮಲಿನ ಮರದ್ದೂ ಬೇಡ. ಪ್ಲೈವುಡ್‌ನಲ್ಲಿ ಅಂಟು ಇರುವುದರಿಂದ ಅದರ ಹೊಟ್ಟೂ ಬೇಡ. ಅಚ್ಚಾಗದ ಬಿಳಿ ಕಾಗದದ ಚೂರು ಮತ್ತು ಶುಚಿಯಾದ ಒಣಹುಲ್ಲನ್ನು ಬೆರೆಸಿ ಮೆತ್ತಗೆ ಒತ್ತಿದರೆ ಸುರಂಗ ಕುಸಿಯದೆ ನಿಲ್ಲುತ್ತದೆ. ‘ಬೆಚ್ಚಗಿರಲಿ’ ಎಂದು ಹತ್ತಿ ಹಾಕುವವರಿದ್ದಾರೆ. ಇದು ಅಪಾಯ. ಹತ್ತಿಯ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಅವಿತುಕೊಳ್ಳಲು ಒಂದು ಮನೆ ಬೇಕು. ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ ಅರ್ಧ ಹೂತರೆ ಸೊಗಸಾದ ಮನೆ. ಬಾಯಿ ಮಾತ್ರ ಅಗಲವಾಗಿರಲಿ. ಕೆನ್ನೆಚೀಲ ತುಂಬಿಕೊಂಡು ಬಂದಾಗಲೂ ಒಳಹೋಗಲು ಆಗಬೇಕಲ್ಲ! ಕುಬ್ಜ ಹ್ಯಾಮ್‌ಸ್ಟರ್‌ಗೆ ನಯ ಮಾಡಿದ ತೆಂಗಿನ ಕರಟವೂ ಆದೀತು. ಒಂದು ತಟ್ಟೆಯಲ್ಲಿ ಜರಡಿ ಹಿಡಿದು ಒಣಗಿಸಿದ ಶುದ್ಧ ಮರಳು ಇಡಿ. ಹ್ಯಾಮ್‌ಸ್ಟರ್ ಅದರಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೆ ನೀರಿನ ಸ್ನಾನ ಮಾಡಿಸಬಾರದು. ಕುಡಿಯುವ ನೀರಿಗೆ ನಳಿಕೆ ಇರುವ ಬಾಟಲಿಯನ್ನು ಹಾಸಿಗೆ ತಾಗದ ಎತ್ತರಕ್ಕೆ ಕಟ್ಟಿ. ಚಕ್ರ ಮತ್ತು ಕುಡಿಕೆಯಂಥ ಭಾರದ ವಸ್ತುಗಳನ್ನು ಆಳ ಕಡಿಮೆ ಇರುವ ಕಡೆ, ತಳದ ಮೇಲೆ ಭದ್ರವಾಗಿ ನಿಲ್ಲಿಸಿ. ಹೊಟ್ಟಿನ ಮೇಲೆ ಸುಮ್ಮನೆ ಇಟ್ಟರೆ, ಕೆಳಗೆ ಪ್ರಾಣಿ ತೋಡಿದಾಗ ಅದರ ಮೇಲೆಯೇ ಕುಸಿದು ಬೀಳಬಹುದು.

ಗೂಡನ್ನು ವಾರಕ್ಕೊಮ್ಮೆ ಪೂರ್ತಿ ತೊಳೆಯುವುದು ಒಳ್ಳೆಯದೆಂದು ನಮಗೆ ಅನಿಸುತ್ತದೆ. ಆದರೆ ಹ್ಯಾಮ್‌ಸ್ಟರ್ ತನ್ನ ಮನೆಯನ್ನು ಗುರುತಿಸುವುದು ವಾಸನೆಯಿಂದ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಅದಕ್ಕೆ ಮನೆಯೇ ಬದಲಾದಂತೆ. ಸಾಮಾನ್ಯವಾಗಿ ಅದು ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಆ ಮೂಲೆಯ ಹೊಟ್ಟನ್ನು ಮಾತ್ರ ಆಗಾಗ ತೆಗೆದು ಹೊಸದು ಹಾಕಬೇಕು. ಉಳಿದದ್ದನ್ನು ಬದಲಿಸುವಾಗಲೂ ಹಳೆಯದರಲ್ಲಿ ಒಂದು ಪಾಲನ್ನು ಉಳಿಸಿ ಬೆರೆಸಬೇಕು. ಗೂಡು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ. ಪ್ರಾಣಿಗಳಿಂದ ನಮಗೆ ಹರಡುವ ರೋಗಗಳುಂಟು.

ಎಲ್ಲಿ ಇಡಬೇಕು?

ಹ್ಯಾಮ್‌ಸ್ಟರ್‌ಗೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಹಿತ. 30 ಡಿಗ್ರಿ ದಾಟಿದರೆ ಅದಕ್ಕೆ ತೊಂದರೆ. ನಮ್ಮ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ತವರಿನಲ್ಲೂ ಬೇಸಿಗೆ ಬಿಸಿಯೇ. ಆದರೆ ಅಲ್ಲಿ ಅದು ಅರ್ಧ ಮೀಟರಿಗಿಂತ ಕೆಳಗಿನ ತಣ್ಣನೆಯ ಮಣ್ಣಿನಲ್ಲಿ ಮಲಗಿರುತ್ತದೆ. ತಗಡಿನ ಮಾಡಿನ ಕೆಳಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಟ್ಟರೆ ಅದು ಎಲ್ಲಿಗೆ ಇಳಿದೀತು? ಆಳವಾದ ಹಾಸು, ಮಣ್ಣಿನ ಕುಡಿಕೆ, ಮಲಗಲು ಒಂದು ಹೆಂಚಿನ ತುಂಡು ಸ್ವಲ್ಪ ತಂಪು ಕೊಡುತ್ತವೆ. ಆದರೂ ಬಿರುಬಿಸಿಲಿನ ಊರುಗಳಲ್ಲಿ, ತಂಪಾದ ಕೋಣೆ ಇಲ್ಲದ ಮನೆಗಳಲ್ಲಿ ಹ್ಯಾಮ್‌ಸ್ಟರ್ ಸಾಕುವುದು ಸರಿಯಲ್ಲ ಎಂದೇ ನಾನು ಹೇಳುತ್ತೇನೆ.

ಗೂಡಿನ ಮೇಲೆ ನೇರ ಬಿಸಿಲು ಬೀಳಬಾರದು. ಅಡುಗೆಮನೆಯ ಹೊಗೆ ತಾಗಬಾರದು. ಟಿ.ವಿ. ಪಕ್ಕದಲ್ಲೂ ಇಡಬಾರದು. ನಮಗೆ ಕೇಳದ ಶ್ರವಣಾತೀತ ಶಬ್ದಗಳೂ ಹ್ಯಾಮ್‌ಸ್ಟರ್‌ಗೆ ಕೇಳುತ್ತವೆ. ನಮಗೆ ನಿಶ್ಶಬ್ದ ಎನಿಸುವ ಯಂತ್ರ ಅದಕ್ಕೆ ಗದ್ದಲವಾಗಿರಬಹುದು. ಅದು ಕೂಡಿಟ್ಟ ಕಾಳಿಗೆ ಇರುವೆ ಮುತ್ತುತ್ತದೆ. ಅಜ್ಜಿಯಂದಿರು ತಿಂಡಿಯ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಲ್ಲ, ಗೂಡಿನ ಮೇಜಿಗೂ ಅದೇ ಉಪಾಯ ಮಾಡಬಹುದು.

ಒಂದು ಗೂಡಿಗೆ ಒಂದೇ

‘ಒಂದೇ ಇದ್ದರೆ ಪಾಪ, ಬೇಜಾರಾಗುತ್ತದೆ. ಜೋಡಿ ತೆಗೆದುಕೊಳ್ಳಿ’ ಎಂದು ಹೇಳುವವರಿದ್ದಾರೆ. ಮನುಷ್ಯರಿಗೆ ಒಂಟಿತನ ಕಷ್ಟ, ನಿಜ. ಆದರೆ ಸಿರಿಯಾದ ಹೊಲದಲ್ಲಿ ಒಂದು ಬಿಲಕ್ಕೆ ಒಂದೇ ಪ್ರಾಣಿ ಇತ್ತೆಂಬುದನ್ನು ಮರೆಯಬೇಡಿ. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು ಒಟ್ಟಿಗೆ ಹಾಕಿದರೆ ಕಾದಾಡುತ್ತವೆ. ಕೆಲವೊಮ್ಮೆ ಒಂದು ಸಾಯುವವರೆಗೂ ಕಾದಾಟ ನಡೆಯುತ್ತದೆ. ಗಂಡು ಹೆಣ್ಣು ಆಗಿದ್ದರೆ ಇನ್ನೊಂದು ಸಮಸ್ಯೆ. ಹ್ಯಾಮ್‌ಸ್ಟರ್ ಗರ್ಭ ಧರಿಸಿದ 16 ದಿನಗಳಿಗೇ ಮರಿ ಹಾಕುತ್ತದೆ. ಅಷ್ಟು ಮರಿಗಳಿಗೆ ಅಷ್ಟು ಗೂಡು ಎಲ್ಲಿಂದ ತರುವುದು? ಸಾಕಲಾಗದೆ ಹೊಲಕ್ಕೆ ಬಿಟ್ಟರೆ ಅದೂ ತಪ್ಪು. ಪಂಜರದಲ್ಲಿ ಹುಟ್ಟಿದ್ದು ಅಲ್ಲಿ ಬದುಕಲಾರದೆ ಬೆಕ್ಕು, ಹದ್ದುಗಳ ಪಾಲಾಗುತ್ತದೆ.

ನಮಗೆ ಬೇಕಾದದ್ದೇ ಪ್ರಾಣಿಗೂ ಬೇಕು ಎಂದುಕೊಳ್ಳುವುದು ಪ್ರೀತಿಯೇ ಇರಬಹುದು. ಆದರೆ ಅದರ ಸ್ವಭಾವವನ್ನು ತಿಳಿದುಕೊಳ್ಳದ ಪ್ರೀತಿಯಿಂದ ಅದಕ್ಕೆ ಉಪಯೋಗವಿಲ್ಲ.

ನೀವು ಕೇಳಬಹುದಾದ ಎರಡು ಪ್ರಶ್ನೆ

‘ಅಷ್ಟು ಆಳದ ಹಾಸು ಹಾಕಿದರೆ ಪ್ರಾಣಿ ಒಳಗೇ ಇರುತ್ತದೆ. ನಮಗೆ ಕಾಣುವುದೇ ಇಲ್ಲ. ಮತ್ತೆ ಸಾಕಿ ಏನು ಸುಖ?’ ಇದು ಮೊದಲ ಪ್ರಶ್ನೆ. ನಿಜ, ಹಗಲಿನಲ್ಲಿ ಕಾಣುವುದು ಕಡಿಮೆ. ಆದರೆ ಗಾಜಿನ ಗೂಡಿನಲ್ಲಿ ಸುರಂಗಗಳು ಪಕ್ಕದಿಂದ ಕಾಣುತ್ತವೆ. ಸಂಜೆ ದೀಪ ಮಂದ ಮಾಡಿ ಸುಮ್ಮನೆ ಕುಳಿತರೆ ಅದು ಹೊರಗೆ ಬಂದು ಕಾಳು ಹೊತ್ತೊಯ್ಯುವುದು, ಬಾಗಿಲು ಮುಚ್ಚುವುದು, ಕೋಣೆ ಸರಿಪಡಿಸುವುದು ಎಲ್ಲವನ್ನೂ ನೋಡಬಹುದು. ಬರಿಯ ತಟ್ಟೆಯ ಮೇಲೆ ಕುಳಿತು ಕಂಬಿ ಕಚ್ಚುವ ಹ್ಯಾಮ್‌ಸ್ಟರನ್ನು ನೋಡಿದರೆ ಹ್ಯಾಮ್‌ಸ್ಟರ್ ಎಂದರೇನು ಎಂಬುದು ತಿಳಿಯುವುದಿಲ್ಲ.

‘ಇಷ್ಟೆಲ್ಲ ಮಾಡಲು ನಮ್ಮಲ್ಲಿ ಜಾಗವೂ ಇಲ್ಲ, ಹಣವೂ ಇಲ್ಲ. ಹಾಗಾದರೆ ನಾವು ಸಾಕಲೇಬಾರದೆ?’ ಇದು ಎರಡನೆಯದು. ಹೌದು, ಆಗ ಸಾಕಬಾರದು. ಹೀಗೆ ಹೇಳುವುದು ನಿಮಗೆ ಬೇಸರ ತರಬಹುದು. ಆದರೆ ಹ್ಯಾಮ್‌ಸ್ಟರ್ ಬದುಕುವುದೇ ಎರಡು ಮೂರು ವರ್ಷ. ಅಷ್ಟನ್ನೂ ಅದು ನಾವು ಇಟ್ಟ ಪೆಟ್ಟಿಗೆಯೊಳಗೇ ಕಳೆಯಬೇಕು. ನಮಗೆ ಅದು ಹಲವು ಸಂತೋಷಗಳಲ್ಲಿ ಒಂದು. ಅದಕ್ಕೆ ಇರುವುದು ಅದೊಂದೇ ಬದುಕು. ಪ್ರಾಣಿಗಳನ್ನು ನೋಡಬೇಕೆಂಬ ಆಸೆಗೆ ಪಂಜರವೇ ಬೇಕೆಂದೇನಿಲ್ಲ. ಶಾಲೆಯ ಅಂಗಳದ ಅಳಿಲು, ಸೂರಿನ ಗುಬ್ಬಚ್ಚಿ, ಬೇಲಿಯ ಓತಿಕ್ಯಾತ, ಹೊಲದ ಬದುವಿನ ಬಿಲ ಎಲ್ಲವೂ ಬಿಟ್ಟಿಯಾಗಿ ಸಿಗುವ ಪಾಠಗಳು. ದೂರದಿಂದ ನೋಡಿ, ದಿನಾಂಕ ಹಾಕಿ ಬರೆದಿಡಿ.

ಕಾನೂನು ಏನು ಹೇಳುತ್ತದೆ?

ಪಂಜರದ ಅಳತೆ ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಪ್ರಾಣಿಗಳು ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಅವುಗಳನ್ನು ಇಡುವುದು ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಸಾಕುಪ್ರಾಣಿ ಅಂಗಡಿಗಳು ನೋಂದಣಿ ಮಾಡಿಸಬೇಕೆಂದು 2018ರಲ್ಲಿ ಪ್ರತ್ಯೇಕ ನಿಯಮಗಳೂ ಬಂದಿವೆ. ನಮ್ಮ ಕಾಡಿನ ಗಿಳಿಗಳನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವಂತೆಯೇ ಇಲ್ಲ, ಪಂಜರದಲ್ಲಿ ಇಡುವಂತೆಯೂ ಇಲ್ಲ.

ಸಮಾಜ ವಿಜ್ಞಾನದ ಪಾಠದಲ್ಲಿ ನೀವು ಮೂಲಭೂತ ಕರ್ತವ್ಯಗಳನ್ನು ಓದಿರುತ್ತೀರಿ. 1976ರಲ್ಲಿ ಅವು ನಮ್ಮ ಸಂವಿಧಾನಕ್ಕೆ ಸೇರಿದವು. ಅವುಗಳಲ್ಲಿ ಒಂದು, ಜೀವಿಗಳ ಬಗ್ಗೆ ಕರುಣೆ ಇರಬೇಕು ಎನ್ನುತ್ತದೆ. ಅದರ ಮರುಸಾಲಿನ ಕರ್ತವ್ಯ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಬೇಕು ಎನ್ನುತ್ತದೆ. ಹ್ಯಾಮ್‌ಸ್ಟರ್ ಪಂಜರದ ವಿಷಯದಲ್ಲಿ ಈ ಎರಡೂ ಒಟ್ಟಿಗೆ ಬೇಕಾಗುತ್ತವೆ. ಕರುಣೆ ಮಾತ್ರ ಇದ್ದರೆ ಹತ್ತಿ ಹಾಸುತ್ತೇವೆ, ಜೊತೆಗೆ ಇನ್ನೊಂದನ್ನು ತಂದು ಬಿಡುತ್ತೇವೆ. ತಿಳಿವಳಿಕೆ ಮಾತ್ರ ಇದ್ದರೆ ಅಳತೆ ಗೊತ್ತಿದ್ದೂ ‘ಏಳು ಬಕೆಟ್ ಹೊಟ್ಟು ಯಾರು ತರುತ್ತಾರೆ’ ಎಂದು ಸುಮ್ಮನಾಗುತ್ತೇವೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಹ್ಯಾಮ್‌ಸ್ಟರ್ ಇಲ್ಲದಿರಬಹುದು. ಆದರೆ ನಿಮ್ಮ ಓಣಿಯಲ್ಲಿ ಕೋಳಿಯ ಗೂಡು, ಮೊಲದ ಪೆಟ್ಟಿಗೆ, ಲವ್ ಬರ್ಡ್ಸ್ ಪಂಜರ ಯಾವುದಾದರೂ ಇದ್ದೇ ಇರುತ್ತದೆ. ಈ ವಾರ ಒಂದು ಅಳತೆ ಪಟ್ಟಿ ಹಿಡಿದು, ಮನೆಯವರ ಒಪ್ಪಿಗೆ ಪಡೆದು, ಅದರ ಉದ್ದ ಅಗಲ ಎತ್ತರ ಬರೆದುಕೊಳ್ಳಿ. ಪಕ್ಕದಲ್ಲಿ ಆ ಪ್ರಾಣಿ ಬಿಡುವಾಗಿದ್ದರೆ ಏನು ಮಾಡುತ್ತಿತ್ತು ಎಂದು ಬರೆಯಿರಿ. ಕೋಳಿ ಮಣ್ಣು ಕೆದರುತ್ತಿತ್ತೆ? ಮೊಲ ಜಿಗಿಯುತ್ತಿತ್ತೆ? ಹಕ್ಕಿ ಹಾರುತ್ತಿತ್ತೆ? ಆ ಪಂಜರದಲ್ಲಿ ಅದಕ್ಕೆ ಅವಕಾಶ ಇದೆಯೆ? ಇಲ್ಲವಾದರೆ ಏನು ಬದಲಿಸಬಹುದು? ತರಗತಿಯಲ್ಲಿ ಗುರುಗಳೊಂದಿಗೆ ಚರ್ಚೆ ಮಾಡಿ. ಒಂದು ಗೂಡು ನಾಲ್ಕು ಗೇಣು ದೊಡ್ಡದಾದರೂ ಈ ಲೇಖನ ಓದಿದ್ದು ಸಾರ್ಥಕ.